ಖಾಲಿ ಡಬ್ಬಿಗೆ ತೂತು ಕೊರೆಯುತ್ತಿದ್ದ ಇಂದಿರಕ್ಕ

ಇಂದಿರಕ್ಕನ ಕೈಗೆ ಸಿಕ್ಕ ಯಾವ ಖಾಲಿ ಡಬ್ಬಿಯೂ ತೂತಿಲ್ಲದೆ ಪಾರಾದದ್ದಿಲ್ಲ. ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿ ಔಷಧ ಪರೀಕ್ಷಿಸುವ ಒಂದು ಲ್ಯಾಬಿತ್ತು. ಅದರ ಹಿಂಬಾಗಿಲಲ್ಲಿ ಕೈಯಲ್ಲಿ ಡ್ರಿಲ್ ಹಿಡಿದು, ಡಬ್ಬಿಯನ್ನು ಕಾಲಸಂದಿಯಲ್ಲಿ ಒತ್ತಿಕೊಂಡು ಅವರು ನಿಂತಿರುತ್ತಿದ್ದ ಭಂಗಿ ಈಗಲೂ ಕಣ್ಣ ಮುಂದಿದೆ. ಬಿಳಿ ಕೋಟು, ದಪ್ಪ ಬೂಟು, ಹಣೆಯಲ್ಲಿ ಕಾಸಗಲ ಕುಂಕುಮ, ತಮ್ಮ ಕನ್ನಡಕದ ಮೇಲೆ ಲ್ಯಾಬಿನದು ಇನ್ನೊಂದು. ಡ್ರಿಲ್ ಗರ್ರೆಂದು ಒಳಗೆ ಹೋಗುವಾಗ ಅವರ ಮುಖದಲ್ಲಿ ಒಬ್ಬಟ್ಟು ಉಬ್ಬಿದ್ದನ್ನು ಕಂಡವರ ಸಂತೋಷ.

ನನ್ನ ಹೆಂಡತಿ ಜ್ಯೋತಿ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದಳು. ಲ್ಯಾಬಿನಲ್ಲಿ ಬಳಸಿ ಉಳಿದ ಆಸಿಡ್ಡು, ಸಾಲ್ವೆಂಟು, ಒಡೆದ ಗಾಜು, ಸೂಜಿ, ಇವನ್ನೆಲ್ಲ ಬೇರೆ ಬೇರೆ ಮಾಡಿ, ಚೀಟಿ ಅಂಟಿಸಿ, ಒಯ್ಯುವ ಲಾರಿ ಬರುವವರೆಗೆ ಕಾಪಾಡುವುದು ಇಬ್ಬರ ಜವಾಬ್ದಾರಿ. ಸರಳವಾಗಿ ಹೇಳಿದರೆ ಕಸದ ಕೆಲಸ. ಆದರೆ ಹಾಗೆಂದು ಜ್ಯೋತಿಯ ಎದುರು ಒಮ್ಮೆ ಹೇಳಿ ಎರಡು ದಿನ ನಾನೇ ಅನ್ನ ಸಾರು ಮಾಡಿಕೊಂಡಿದ್ದೇನೆ. ಗಂಡಸರಿಗೆ ನನ್ನ ಸಲಹೆ: ಹೆಂಡತಿಯ ಕೆಲಸಕ್ಕೆ ಅಡ್ಡಹೆಸರು ಇಡುವ ಮೊದಲು ಅಡುಗೆ ಕಲಿತಿರಿ.

ನನ್ನದು ಹಳೆಯ ಕಾರು ಕೊಂಡು, ರಿಪೇರಿ ಮಾಡಿಸಿ, ಮಾರುವ ವ್ಯಾಪಾರ. ತುಮಕೂರಿನಿಂದ ಓದಲು ಬಂದವನು, ಓದಿಗಿಂತ ಚೌಕಾಶಿ ಚೆನ್ನಾಗಿ ಬರುತ್ತದೆಂದು ಬೇಗನೆ ತಿಳಿದುಕೊಂಡೆ. ರೆಂಟ್ ಇಳಿಸುವುದು ಹೇಗೆ, ಮಾರ್ಟ್‌ಗೇಜ್ ಯಾವ ಬ್ಯಾಂಕಿನಲ್ಲಿ, ಇಲ್ಲೇ ಕಾಯಂ ನೆಲೆಸುವ ಪಿಆರ್ ಅರ್ಜಿಗೆ ಯಾರನ್ನು ಹಿಡಿಯಬೇಕು ಎಂದು ನಮ್ಮ ಕಡೆಯವರು ನನ್ನನ್ನೇ ಕೇಳುತ್ತಿದ್ದರು. ನನ್ನನ್ನು ಏನೂ ಕೇಳದವಳು ನನ್ನ ಹೆಂಡತಿ ಒಬ್ಬಳೇ. ಅವಳಿಗೆ ಇಂದಿರಕ್ಕ ಇದ್ದರು.

ಆ ವರ್ಷಗಳಲ್ಲಿ ಸಿಡ್ನಿಗೆ ನೀರಿನ ಬರ. ಪೈಪು ಹಿಡಿದು ಗಿಡಕ್ಕೆ ನೀರು ಬಿಡುವ ಹಾಗಿರಲಿಲ್ಲ. ಬಟ್ಟೆ ತೊಳೆದ ನೀರನ್ನು ಬಕೆಟಿನಲ್ಲಿ ಹೊತ್ತು ಹಿತ್ತಿಲ ಕರಿಬೇವಿಗೆ ಸುರಿಯುತ್ತಿದ್ದೆವು. ಒಂದು ಸಂಜೆ ಜ್ಯೋತಿಯನ್ನು ಕರೆತರಲು ಹೋದಾಗ ಲ್ಯಾಬಿನ ಹಿಂದೆ ಬಿಳಿ ಪ್ಲಾಸ್ಟಿಕ್ ಡ್ರಮ್ಮುಗಳ ಸಾಲು ಕಂಡಿತು. ಗಟ್ಟಿ ಮುಚ್ಚಳ, ಒಳ್ಳೆಯ ಹಿಡಿಕೆ. ನನ್ನಂಥವನಿಗೆ ಅದು ಕಸವಾಗಿ ಕಾಣಲು ಸಾಧ್ಯವೇ?

"ಇಂದಿರಕ್ಕ, ಎಸೆಯೋದಾದ್ರೆ ನಾಲ್ಕು ನನಗೆ ಕೊಡಿ. ನೀರು ಹಿಡಿದಿಡೋಕೆ. ನಿಮಗೂ ಒಯ್ಯೋ ಖರ್ಚು ಉಳಿಯುತ್ತೆ" ಎಂದೆ.

ಇಂದಿರಕ್ಕ ಧಾರವಾಡದವರು. ಆಸ್ಟ್ರೇಲಿಯಕ್ಕೆ ಬಂದು ಎಷ್ಟೋ ಕಾಲವಾಗಿದ್ದರೂ ನಾಲಿಗೆ ಮಾತ್ರ ಊರು ಬಿಟ್ಟಿರಲಿಲ್ಲ. ಮಗ ಪರ್ತಿನಲ್ಲಿ, ಗಂಡ ತೀರಿಕೊಂಡು ಬಹಳ ದಿನವಾದರೂ ಕುಂಕುಮ ಅಳಿಸಿರಲಿಲ್ಲ. ಲ್ಯಾಬನ್ನು ಮನೆಯಂತೆ, ಮನೆಯನ್ನು ಲಾಡ್ಜಿನಂತೆ ಬಳಸುತ್ತಿದ್ದರು.

"ತೊಳದೀವ್ರೀ ಸಾವ್ಕಾರ್ರ, ಮೂರು ಸಲ ತೊಳದೀವಿ" ಎಂದರು.

"ಮತ್ತೆ ಇನ್ನೇನು?"

"ತೊಳದ್ರ ವಾಸನಿ ಹೋಗ್ತದ. ಒಳಗ ಏನಿತ್ತು ಅನ್ನೂದು ಹೋಗೂದಿಲ್ಲ. ಇವತ್ತ ನೀವು ಗಿಡದ ನೀರು ತುಂಬ್ತೀರಿ. ನಾಳಿ ಮಳಿ ಬರ್ತದ, ಮನ್ಯಾಗ ಯಾರರೆ ಇದರಾಗ ಅಕ್ಕಿ ತುಂಬ್ತಾರ. ನಮ್ಮ ಮಂದಿ ಒಳ್ಳೆ ಡಬ್ಬಿ ಬಿಡ್ತಾರೇನ್ರಿ?"

ಹೀಗೆನ್ನುತ್ತಲೇ ನನ್ನ ಕಣ್ಣೆದುರೇ ನಾಲ್ಕು ಡ್ರಮ್ಮುಗಳ ತಳಕ್ಕೂ ಡ್ರಿಲ್ ಇಳಿಸಿದರು. ಕೊನೆಗೆ ಒಂದನ್ನು ನನ್ನ ಕಡೆ ಉರುಳಿಸಿ, "ಹಾಂ, ಈಗ ಬೇಕಾದ್ರ ಒಯ್ರಿ" ಎಂದರು.

ಡ್ರಮ್ಮು ಹೋದದ್ದಕ್ಕೆ ನನಗೆ ಬೇಸರವಾಗಲಿಲ್ಲ. ಜ್ಯೋತಿ ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳಲ್ಲ, ಅದು ಚುಚ್ಚಿತು. ನನ್ನ ಜೋಕುಗಳಿಗೆ ಅವಳು ಮೂಗಿನಿಂದಲೇ ನಕ್ಕು ಮುಗಿಸುತ್ತಿದ್ದಳು.

ಅಂದಿನಿಂದ ನಮ್ಮ ಚಾಟ್ಸ್‌ವುಡ್ಡಿನ ಬಾಡಿಗೆ ಮನೆಯಲ್ಲಿ ಇಂದಿರಕ್ಕನ ಮಾತು ಬಾರದ ಊಟವಿಲ್ಲ. ನಾನು ಬಾಟಲಿಗೆ ಎಣ್ಣೆ ತುಂಬುವಾಗ ಜ್ಯೋತಿ, "ಕಂಠಮಟ ತುಂಬಬ್ಯಾಡ್ರಿ, ಅದಕ್ಕೂ ಉಸಿರಾಡಾಕ ಜಾಗ ಬೇಕು." ಹೆಸರಿಲ್ಲದ ಪುಡಿ ಕಂಡರೆ, "ಹೆಸರು ಹೇಳದವ ಕಳ್ಳ." ಸಿಂಕಿಗೆ ಏನಾದರೂ ಸುರಿಯಹೊರಟರೆ, "ನಿಮ್ಮ ಕಣ್ಣಿಗೆ ಕಾಣದಂಗಾತು ಅಂದ್ರ ಮುಗೀತೇನ್ರಿ?" ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿ ಧಾರವಾಡದ ರಾಗದಲ್ಲಿ ನನಗೆ ಬುದ್ಧಿ ಹೇಳತೊಡಗಿದಳು. ಪರಪುರುಷನ ಹೆಸರು ಇಷ್ಟು ಸಲ ಬಂದಿದ್ದರೆ ಜಗಳವಾದರೂ ಆಡಬಹುದಿತ್ತು. ಕುಂಕುಮವಿಟ್ಟ ಹಿರಿಯರ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಯಾರ ಹತ್ತಿರ ಹೇಳಿಕೊಳ್ಳಲಿ?

ಅಷ್ಟರಲ್ಲಿ ಮೆಲ್ಬೋರ್ನಿನ ವೆರಿಬೀಯಲ್ಲಿ ನನಗೊಂದು ಮನೆ ಕುದುರಿತು, ಹತ್ತಿರದಲ್ಲೇ ಕಾರು ನಿಲ್ಲಿಸಲು ಅಂಗಳವೂ ಸಿಕ್ಕಿತು. ಎರಡೂ ಒಟ್ಟಿಗೆ ಸಿಗುವುದು ಅಪರೂಪ. ಮನೆ ಕೊಳ್ಳುವವರು ಇದನ್ನು ಮರೆಯಬಾರದು: ಮಾರುವವನಿಗೆ ನಮಗಿಂತ ಅವಸರವಿದ್ದಾಗಲೇ ಮಾತಿಗೆ ಕೂರಬೇಕು. ಮಾರುವವನನ್ನು ಗೆದ್ದು ಬಂದೆ. ಜ್ಯೋತಿ ಜಗ್ಗಲಿಲ್ಲ.

"ನೀವು ಹೋಗಿ ಶುರು ಮಾಡಿ. ನಾನು ಆಮೇಲೆ ನೋಡ್ತೀನಿ."

"ಆಮೇಲೆ ಅಂದ್ರೆ ಯಾವಾಗ?"

"ಇಂದಿರಕ್ಕನ ಹತ್ರ ಕಲಿಯೋದು ಇನ್ನೂ ಇದೆ ರೀ."

ಗಂಡ ಒಂದು ಊರು, ಹೆಂಡತಿ ಒಂದು ಊರು. ಹಾಗೆ ಶುರುವಾಗಿ ಹಾಗೆಯೇ ಉಳಿದುಬಿಟ್ಟ ಸಂಸಾರಗಳನ್ನು ನಾನು ಕಂಡಿದ್ದೆ. ನೇರ ಇಂದಿರಕ್ಕನ ಹತ್ತಿರವೇ ಹೋದೆ. ವ್ಯಾಪಾರದಲ್ಲಿ ಸುತ್ತಿ ಬಳಸಿ ಮಾತಾಡುವವನು ಸೋಲುತ್ತಾನೆ.

"ಅಕ್ಕ, ನೀವೊಂದು ಮಾತು ಹೇಳಿದ್ರೆ ಜ್ಯೋತಿ ಬರ್ತಾಳೆ."

"ಬರ್ತಾಳ, ನನಗೂ ಗೊತ್ತದ. ಅದಕ್ಕ ಹೇಳಂಗಿಲ್ಲ."

"ಇದೇನಕ್ಕ ಹೀಗಂತೀರಿ?"

"ನೀವು ಮದುವ್ಯಾಗಿ ಕರಕೊಂಡು ಬಂದ್ರಿ. ನಾ ತಯಾರ ಮಾಡೇನಿ. ತಯಾರಾದದ್ದನ್ನ ಒಯ್ಯಾಕ ಎಲ್ಲಾರೂ ಬರ್ತಾರ."

ಅಷ್ಟು ನೇರವಾಗಿ ನನಗೆ ಯಾರೂ ಬಾಗಿಲು ಹಾಕಿರಲಿಲ್ಲ. ಒಳಗೊಳಗೇ ಮೆಚ್ಚಿದೆ ಕೂಡ. ಸರಕು ಬಿಡಲೊಲ್ಲದ ವ್ಯಾಪಾರಿಯ ಗತ್ತು ಅದು.

ಕೆಲವು ವಾರಗಳ ನಂತರ, ನಾನಿನ್ನೂ ಸಿಡ್ನಿ ಬಿಟ್ಟಿರದಾಗ, ಮತ್ತೆ ಜ್ಯೋತಿಯನ್ನು ಕರೆಯಲು ಹೋಗಿ ಕಾರಿನಲ್ಲಿ ಕುಳಿತಿದ್ದೆ. ಅಲಾರಂ ಕೂಗಿತು. ಬಿಳಿ ಕೋಟುಗಳೆಲ್ಲ ಹೊರಬಂದು ಹುಲ್ಲಿನ ಮೇಲೆ ನಿಂತವು. ಎಲ್ಲರಿಗಿಂತ ಕೊನೆಗೆ ಜ್ಯೋತಿ, ಇಂದಿರಕ್ಕನ ರಟ್ಟೆ ಹಿಡಿದುಕೊಂಡು. ಅವರನ್ನು ಮರದ ಕೆಳಗೆ ನಿಲ್ಲಿಸಿ, "ಇಲ್ಲೇ ನಿಂತಿರಿ ಅಕ್ಕ, ಎಲ್ಲೂ ಹೋಗಬೇಡಿ" ಎಂದು ಹೇಳಿ, ತಲೆ ಎಣಿಸಲು ಓಡಿದಳು. ಅಗ್ನಿಶಾಮಕದವರು ಬಂದಾಗ ಒಳಗೆ ಏನಿದೆ, ಎಲ್ಲಿದೆ ಎಂದು ವಿವರಿಸಿದವಳೂ ಅವಳೇ. ಇಂದಿರಕ್ಕ ಮರದ ಕೆಳಗಿಂದ ಕದಲಲಿಲ್ಲ.

ನಾನು ಹತ್ತಿರ ಹೋದೆ. ಅವರೇ ಶುರು ಮಾಡಿದರು.

"ಹೊಸಾದಾಗಿ ಬಂದ ಹುಡುಗಿ, ಸಾಲ್ವೆಂಟ್ ಇದ್ದ ಬಾಟಲಿಗೆ ನೈಟ್ರಿಕ್ ಆಸಿಡ್ ಹಾಕಿ ಬಿರಡಿ ಬಿಗದಾಳ. ಬಾಟಲಿ ಬಿಸಿ ಆಗಿ ಸುಯ್ಯ್ ಅನ್ನಾಕತ್ತಿತ್ತು. ಬಿರಡಿ ಒಂದೀಟ ಸಡ್ಲ ಮಾಡೂಣು ಅಂತ ನಾ ಕೈ ಹಾಕಾಕ ಹೊಂಟಿದ್ದೆ."

"ಆಮೇಲೆ?"

"ನಿಮ್ಮಾಕಿ ಬಾಟಲಿ ಇಟ್ಟಿದ್ದ ಹೊಗಿ ಹೀರೂ ಕಪಾಟಿನ ಗಾಜು ಕೆಳಗ ಎಳದು ನನ್ನ ಹೊರಗ ದಬ್ಬಿದಳ್ರಿ. ಬಾಗಲಾ ದಾಟೂದರಾಗ ಬಾಟಲಿ ಒಡೀತು." ಬೂಟಿನ ತುದಿ ನೋಡುತ್ತ ಮುಂದುವರಿಸಿದರು. "ಸುಯ್ ಅನ್ನೂ ಬಾಟಲಿ ಮುಟ್ಟಬಾರದು ಅಂತ ಆಕಿಗೆ ಹೇಳಿಕೊಟ್ಟಾಕಿ ನಾನಽ."

ಯಾರಿಗೂ ಏನೂ ಆಗಿರಲಿಲ್ಲ. ಆದರೆ ಎಲ್ಲರೂ ಜ್ಯೋತಿಯ ಸುತ್ತ ನೆರೆದು ಬೆನ್ನು ತಟ್ಟುವುದನ್ನು ಇಂದಿರಕ್ಕ ನೋಡುತ್ತಿದ್ದರಲ್ಲ, ಆ ನೋಟ ನನಗೆ ಚಿರಪರಿಚಿತ. ಪ್ರತಿ ರಾತ್ರಿ ಊಟಕ್ಕೆ ಕುಳಿತಾಗ ನನ್ನ ಮುಖದಲ್ಲಿರುತ್ತಿದ್ದದ್ದೂ ಅದೇ.

ಮುಂದಿನ ಸೋಮವಾರ ಅವರಿಂದ ನನಗೆ ಫೋನು. "ಸಾವ್ಕಾರ್ರ, ಮೆಲ್ಬೋರ್ನಿನ್ಯಾಗ ನನ್ನ ಗೆಳತಿ ಒಬ್ಬಾಕಿ ಲ್ಯಾಬ್ ನೋಡಕೋತಾಳ. ಅಲ್ಲೆ ಕಸದ ವಿಭಾಗಕ್ಕ ಒಬ್ಬರು ಮುಖ್ಯಸ್ಥರು ಬೇಕಾಗೇದ. ಜ್ಯೋತಿ ಹೆಸರು ಹೇಳೇನಿ. ಕರಕೊಂಡು ಹೋಗ್ರಿ. ಒಂದು ಲ್ಯಾಬಿನ್ಯಾಗ ಇಬ್ಬರು ಇಂದಿರಾ ಇರಬಾರದು."

ಜ್ಯೋತಿ ಕುಣಿದಾಡಿಕೊಂಡು ವೆರಿಬೀಗೆ ಬಂದಳು. ನಾನು ಖುಷಿಪಡಬೇಕಿತ್ತು, ಪಟ್ಟೆ ಕೂಡ. ಆದರೆ ವಾರಗಟ್ಟಲೆ ಚೌಕಾಶಿ ಮಾಡಿ ನನಗೆ ಗಿಟ್ಟದ ಹೆಂಡತಿಯನ್ನು ಇಂದಿರಕ್ಕ ಒಂದು ಫೋನಿನಲ್ಲಿ ದಾನ ಕೊಟ್ಟಿದ್ದರು. ಚೌಕಾಶಿ ಮಾಡುವವನಿಗೆ ದಾನದಷ್ಟು ದೊಡ್ಡ ಸೋಲಿಲ್ಲ.

ಕೆಲಸದಿಂದ ನಿವೃತ್ತರಾದ ಮೇಲೆ ಇಂದಿರಕ್ಕ ಒಮ್ಮೆ ಮೆಲ್ಬೋರ್ನಿಗೆ ಬಂದರು. ಜ್ಯೋತಿಯ ಲ್ಯಾಬು ನೋಡಬೇಕೆಂದರು. ನನ್ನನ್ನೂ ಕರೆದೊಯ್ದಳು. ಬಾಗಿಲಲ್ಲಿ ಇಬ್ಬರ ಎದೆಗೂ 'ವಿಸಿಟರ್' ಚೀಟಿ. ಕಸ ಇಡುವ ಕೋಣೆಯ ಮುಂದೆ ನೆಲಕ್ಕೆ ಬಳಿದ ಹಳದಿ ಗೆರೆ. ಇಂದಿರಕ್ಕ ಅಭ್ಯಾಸಬಲದಿಂದ ದಾಟಹೊರಟರು.

"ಅಕ್ಕ, ಗೆರೆ ಆಚೆ ಬರೋ ಹಾಗಿಲ್ಲ" ಎಂದಳು ಜ್ಯೋತಿ, ಮೆತ್ತಗೆ.

ನನ್ನ ಪಕ್ಕಕ್ಕೆ ಬಂದು ನಿಂತರು. ಒಳಗೆ ಜ್ಯೋತಿ ಯಾರಿಗೋ ಇಂಗ್ಲಿಷಿನಲ್ಲಿ, ಬಾಟಲಿಯ ಕಂಠದವರೆಗೆ ಏಕೆ ತುಂಬಬಾರದೆಂದು ಹೇಳುತ್ತಿದ್ದಳು.

"ನನ್ನ ಮಾತು ನನ್ನ ಹೆಸರಿಲ್ಲದ ಹೇಳ್ತಾಳ, ನೋಡ್ರಿ."

"ಮನೇಲಿ ಹೆಸರು ಹಾಕೇ ಹೇಳ್ತಾಳೆ ಬಿಡಿ, ಅಕ್ಕ" ಎಂದೆ. ಅವರಿಗೆ ನಾನು ಕೊಟ್ಟ ಒಂದೇ ಒಂದು ಸಮಾಧಾನ ಅದು. ಅವರು ನನ್ನ ಕಡೆ ತಿರುಗಿ, ಮೊದಲ ಸಲ, ನನ್ನ ಮಾತಿಗೆ ನಕ್ಕರು.

ಮರುದಿನ ಟಲ್ಲಮರೀನ್ ವಿಮಾನ ನಿಲ್ದಾಣದಲ್ಲಿ ಅವರನ್ನು ಬೀಳ್ಕೊಟ್ಟದ್ದೇ ಕೊನೆಯ ಭೇಟಿ. ಪರ್ತಿನ ಮಗನ ಮನೆಯಲ್ಲಿ ಅವರು ತೀರಿಕೊಂಡ ಸುದ್ದಿ ಮುಂದಿನ ಚಳಿಗಾಲದಲ್ಲಿ ಬಂತು. ದೇಶದೊಳಗಿನ ವಿಮಾನಕ್ಕೆ ಇಲ್ಲಿ ಬೀಳ್ಕೊಡುವವರನ್ನೂ ಒಳಗೆ ಬಿಡುತ್ತಾರೆ. ಬೀಳ್ಕೊಟ್ಟ ಆ ದಿನ ಜ್ಯೋತಿ ಅವರ ಜೊತೆ ಒಳಗೆ ಹೋಗಿ, ಗೇಟಿನವರೆಗೂ ನಡೆದು, ವಿಮಾನ ಮೇಲೆದ್ದ ಮೇಲೆಯೇ ಬಂದಳು. ಕಣ್ಣು ಕೆಂಪಗೆ ಊದಿಕೊಂಡಿದ್ದವು. ಅಷ್ಟು ಹೊತ್ತೂ ನಾನು ಕಾರು ನಿಲ್ಲಿಸಲು ಬಿಡದ ಪಹರೆಯವನಿಂದ ತಪ್ಪಿಸಿಕೊಂಡು ಸುತ್ತು ಹೊಡೆಯುತ್ತಿದ್ದೆ.

ವ್ಯಾಪಾರಕ್ಕೆಂದು ನಾನು ಆಗಾಗ ಸಿಡ್ನಿಗೆ ಹೋಗುವವನು. ವಿಮಾನ ನಿಲ್ದಾಣದ ಅದೇ ಬಾಗಿಲಲ್ಲಿ ಜ್ಯೋತಿ ನನ್ನನ್ನು ಎಷ್ಟೋ ಸಲ ಇಳಿಸಿದ್ದಾಳೆ. ಪೆಟ್ಟಿಗೆ ಇಳಿಸಿಕೊಂಡು ನಾನು ತಿರುಗುವಷ್ಟರಲ್ಲಿ ಅವಳ ಕಾರು ಮುಂದಿನ ತಿರುವಿನಲ್ಲಿರುತ್ತದೆ.