ನಿನ್ನೆ ತೊಳೆದ ಬಾಟಲಿ ಒಲ್ಲದ ದುಂಡವ್ವ

ಬೆಳಗಿನ ಐದು ಗಂಟೆ. ಜತ್ತದ ಪೇಟೆ ಇನ್ನೂ ಬಾಗಿಲು ತೆರೆದಿಲ್ಲ. ಡಾಕ್ಟರ್ ಅಣ್ಣಾರಾಯರ ದವಾಖಾನೆಯ ಹಿಂದೆ ಸಲಾಯಿನ್ ತಯಾರಿಸುವ ಚಿಕ್ಕ ಕೋಣೆಯಿದೆ. ಅದರ ಮುಂದೆ ದುಂಡವ್ವ ಚಪ್ಪಲಿ ಬಿಡುತ್ತಾರೆ, ಮೊಣಕೈವರೆಗೆ ತಿಕ್ಕಿ ತೊಳೆದುಕೊಳ್ಳುತ್ತಾರೆ, ತಲೆಗೆ ಬಿಳಿ ಬಟ್ಟೆ ಬಿಗಿದು ಒಳಗೆ ಹೋಗುತ್ತಾರೆ. ಮೇಜಿನ ಮೇಲೆ ಆರು ಖಾಲಿ ಬಾಟಲಿಗಳು ಬೋರಲು ಬಿದ್ದಿವೆ. ಇಂದು ಸಂತೆ, ರೋಗಿಗಳು ಹೆಚ್ಚು ಎಂದು ಕಂಪೌಂಡರ್ ಮಲಕಾಜಪ್ಪ ನಿನ್ನೆ ಸಂಜೆಯೇ ತೊಳೆದಿಟ್ಟವು. ದುಂಡವ್ವ ಆರನ್ನೂ ಎತ್ತಿ ಮತ್ತೆ ತೊಳೆಯುವ ತೊಟ್ಟಿಗೆ ಇಳಿಸುತ್ತಾರೆ.

"ಸಾಬೂನು ಹಚ್ಚಿ ತೊಳದೀನವಾ. ಕನ್ನಡಿ ಹಂಗ ಹೊಳ್ಯಾಕತ್ತಾವ," ಎನ್ನುತ್ತಾರೆ ಹೊಸ್ತಿಲಾಚೆ ನಿಂತ ಮಲಕಾಜಪ್ಪ.

"ಹೊಳದ್ರ ಏನಾತ್ರಿ ಕಂಪೌಂಡರ್ರ? ಹಾವಿನ ಕಣ್ಣೂ ಹೊಳೀತಾವ."

ಸಲಾಯಿನ್ ಎಂದರೆ ಉಪ್ಪುನೀರು, ಅದರಲ್ಲೇನಿದೆ ಎಂದು ಮೂಗು ಮುರಿಯುವವರು ಒಂದು ಬೆಳಗ್ಗೆ ಇಲ್ಲಿ ಬಂದು ನಿಲ್ಲಲಿ. ನೀರನ್ನು ಆವಿ ಮಾಡಿ ಇಳಿಸಬೇಕು. ಪ್ರತಿ ಬಾಟಲಿಯನ್ನು ಆ ನೀರಿನಲ್ಲೇ ಮೂರು ಸಲ ಜಾಲಿಸಬೇಕು. ಉಪ್ಪು ತೂಗಿ ಕಲಸಿ, ಸೋಸಿ, ತುಂಬಿ, ಮುಚ್ಚಳ ಬಿಗಿದು ಆವಿಯ ಹಂಡೆಗೆ ಇಡಬೇಕು. ತೊಳೆಯುವುದರಿಂದ ಹಂಡೆಗೆ ಇಡುವವರೆಗೆ ನಾಲ್ಕು ತಾಸು ಮೀರಬಾರದು. ಇದು ದುಂಡವ್ವನ ಕಾಯಿದೆ. ದಿನಕ್ಕೆ ಹನ್ನೆರಡು ಬಾಟಲಿ, ಸಂತೆಯ ದಿನ ಹದಿನೆಂಟು. ದವಾಖಾನೆಯ ಮುಂದಿನ ಕಲ್ಲಿನಲ್ಲಿ ಕಟ್ಟಡಕ್ಕೆ ಹಣ ಕೊಟ್ಟ ಒಂಬತ್ತು ಜನರ ಹೆಸರು ಕೆತ್ತಿದ್ದಾರೆ. ಅವರಲ್ಲಿ ಒಬ್ಬರೂ ಈ ಕೋಣೆಯ ಹೊಸ್ತಿಲು ದಾಟಿದವರಲ್ಲ.

ದುಂಡವ್ವನಿಗೆ ಈಗ ನಲವತ್ತೊಂದು. ಸೊರಡಿಯ ಕುರಿಗಾರ ಮನೆತನದ ಸೊಸೆ. ಅರವತ್ಮೂರನೇ ಇಸವಿಯಲ್ಲಿ ಗಂಡ ಅಮೋಗಸಿದ್ದನ ಜೊತೆ ಸಾಂಗಲಿ ಕಡೆಯ ಒಂದು ಕಾರಖಾನೆಗೆ ಹೋದರು. ಅಲ್ಲಿ ವಿದ್ಯುತ್ ಮೀಟರಿನ ಒಳಗಿನ ಸಣ್ಣ ಗಾಲಿಗಳನ್ನು ಜೋಡಿಸುತ್ತಿದ್ದರು. ಎಳ್ಳಿಗಿಂತ ಸಣ್ಣ ಧೂಳು ಕೂತರೂ ಗಾಲಿ ತಡವರಿಸುತ್ತದೆ. ಅದಕ್ಕೆಂದೇ ಧೂಳು ಹೋಗದ ಕೋಣೆ ಕಟ್ಟಿದ್ದರು. ಸೋಸಿದ ಗಾಳಿಯನ್ನು ಪಂಖಾ ಒಳಗೆ ನೂಕುತ್ತಿತ್ತು, ಬಾಗಿಲ ಸಂದಿಯಿಂದ ಅದು ಹೊರಗೆ ಹೋಗುತ್ತಿತ್ತು, ಹೊರಗಿನ ಧೂಳು ಒಳಬರುತ್ತಿರಲಿಲ್ಲ. ನೀರು ಮುಟ್ಟುವಂತಿರಲಿಲ್ಲ, ತುಕ್ಕು ಹಿಡಿಯುತ್ತದೆ. ಸಂಜೆ ಚಿಮಣಿ ಎಣ್ಣೆಯಲ್ಲಿ ತೊಳೆದ ಗಾಲಿಗಳನ್ನು ಗಾಜಿನ ಮುಚ್ಚಳದಡಿ ಇಟ್ಟರೆ ಎಂಟು ದಿನ ಬಿಟ್ಟು ನೋಡಿದರೂ ಸ್ವಚ್ಛ. ಆ ಕೋಣೆಯನ್ನು ಆರು ವರ್ಷ ದುಂಡವ್ವನೇ ಒರೆಸಿದರು.

ಅತ್ತೆಯ ಕಣ್ಣು ಮಂಜಾಯಿತು, ಕುರಿ ನೋಡುವವರಿಲ್ಲ ಎಂದು ಗಂಡ ಹೆಂಡತಿ ಮರಳಿದರು. ಜತ್ತದ ಹೊರಗೆ ಕುರಿಹಟ್ಟಿಯ ಪಕ್ಕದಲ್ಲೇ ಮನೆ ಮಾಡಿದರು. ಎಪ್ಪತ್ತರಲ್ಲಿ ದುಂಡವ್ವ ಈ ದವಾಖಾನೆ ಸೇರಿದರು. ಕಾರಖಾನೆಯ ಶಿಸ್ತನ್ನು ಹಾಗೇ ತಂದರು. ತಪ್ಪಾದದ್ದೂ ಅಲ್ಲಿಯೇ.

ಎಪ್ಪತ್ತೊಂದರಲ್ಲಿ ಒಂದೇ ತಿಂಗಳಲ್ಲಿ ಮೂವರು ರೋಗಿಗಳಿಗೆ ಸಲಾಯಿನ್ ಏರಿಸುತ್ತಲೇ ಚಳಿ ಬಂತು. ಮೂರನೆಯವಳು ಯಳವಿಯ ಬಾಣಂತಿ ಸಿದ್ದವ್ವ. ಮಂಚ ಅಲುಗಾಡುವಷ್ಟು ನಡುಕ. ಜೀವ ಉಳಿಯಿತು, ಆದರೆ ಡಾಕ್ಟರರು ಕೋಣೆಗೆ ಬೀಗ ಹಾಕಿದರು. ಇನ್ನು ಮೇಲೆ ಸಲಾಯಿನ್ ಮಿರಜದಿಂದ ಬರಬೇಕು, ಐವತ್ತು ಮೈಲಿ ದೂರದಿಂದ. ವಾಂತಿಭೇದಿಯವರು ಬಸ್ಸಿನ ದಾರಿ ಕಾಯುತ್ತ ಬದುಕುವುದಿಲ್ಲ.

ಉಪ್ಪು ಕೆಟ್ಟಿರಬೇಕು ಎಂದರು ಕಂಪೌಂಡರ್. ದುಂಡವ್ವ ಮನೆಯಲ್ಲಿ ಕೂತು ಲೆಕ್ಕ ಹಾಕಿದರು. ಮೂರೂ ಸಂತೆಯ ದಿನದ ಬಾಟಲಿಗಳು. ಸಂತೆಗೆ ಬೇಕೆಂದು ಹಿಂದಿನ ಸಂಜೆಯೇ ತಾವೇ ತೊಳೆದಿಟ್ಟವು, ಕಾರಖಾನೆಯ ಗಾಲಿಗಳನ್ನು ಇಟ್ಟಂತೆ. ಅದೇ ಹೊತ್ತಿಗೆ ಅತ್ತೆ ಬೈಯುತ್ತಿದ್ದರು. ಹಿಂದಿನ ದಿನ ತೊಳೆದಿಟ್ಟ ಹಸಿ ಗಡಿಗೆಯಲ್ಲೇ ದುಂಡವ್ವ ಕುರಿ ಹಾಲು ಕರೆದಿದ್ದರು, ಹಾಲು ಒಡೆದಿತ್ತು. ಕುರಿಗಾರರ ಮನೆಯಲ್ಲಿ ಗಡಿಗೆಯನ್ನು ಕರೆಯುವ ಹೊತ್ತಿಗೇ ತೊಳೆದು ಬೆಂಕಿಗೆ ಹಿಡಿಯುತ್ತಾರೆ.

ದುಂಡವ್ವ ಸೀದಾ ಡಾಕ್ಟರರ ಮುಂದೆ ಹೋಗಿ ನಿಂತರು. "ತಪ್ಪು ನಂದ ಐತ್ರಿ. ಕಾರಖಾನಿ ಧೂಳು ಸತ್ತದ್ದು, ಕುಂತಲ್ಲೇ ಕುಂದರತೈತಿ. ಇಲ್ಲಿ ಧೂಳಿಗೆ ಜೀವ ಐತಿ. ಹಸಿ ಸಿಕ್ರ ರಾತ್ರಿ ಬೆಳಗಾಗೂದ್ರಾಗ ಮರಿ ಹಾಕತೈತಿ. ಒಡದ ಹಾಲು ಎಷ್ಟು ಕುದಿಸಿದ್ರೂ ಕೂಡತೈತೇನ್ರಿ?"

ಅಣ್ಣಾರಾಯರಿಗೆ ಅರ್ಥವಾಯಿತು. ಆವಿಯಲ್ಲಿ ಕ್ರಿಮಿ ಸಾಯುತ್ತದೆ, ಅದು ಬಿಟ್ಟ ವಿಷ ಬಾಟಲಿಯಲ್ಲೇ ಉಳಿಯುತ್ತದೆ, ನಡುಕ ಹುಟ್ಟಿಸುವುದು ಅದೇ ಎಂದು ಅವರು ವಿವರಿಸುತ್ತಾರೆ. ಆದರೂ ಅಂದು ಬೀಗ ತೆಗೆಯಲು ಧೈರ್ಯ ಸಾಲಲಿಲ್ಲ. ಮೂರು ದಿನ ದುಂಡವ್ವ ಆ ಬಾಗಿಲ ಮುಂದೆ ಕೂತರು.

"ಅಂದಂದೇ ತೊಳದು ಅಂದಂದೇ ಮಾಡ್ತೀನ್ರಿ. ಮೊದಲನೇ ಬಾಟ್ಲಿ ನನ್ನ ಕೈಗೆ ಹಾಕ್ರಿ."

ಹಾಕಿದರು. ಅಮೋಗಸಿದ್ದ ಚಳಿ ಬಂದರೆ ಹೊದಿಸಲೆಂದು ಕಂಬಳಿ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತ. ಬಾಟಲಿ ಖಾಲಿಯಾಯಿತು. ಕಂಬಳಿಯ ಮಡಿಕೆ ಬಿಚ್ಚಲಿಲ್ಲ.

ಅಲ್ಲಿಂದ ಈ ಎಪ್ಪತ್ತೈದರವರೆಗೆ ಹದಿನಾಲ್ಕು ಸಾವಿರ ಬಾಟಲಿ. ಒಬ್ಬರಿಗೂ ನಡುಕ ಬಂದಿಲ್ಲ. ಕೋಣೆ ನೋಡಿದರೆ ಕಾರಖಾನೆಯದರ ಮುಂದೆ ಬಡಕಲು. ಸುಣ್ಣದ ಗೋಡೆ, ಒಂದೇ ಕಿಟಕಿ, ಅದಕ್ಕೂ ಭದ್ರವಾಗಿ ಗಾಜು. ಅಲ್ಲಿ ನೀರು ನಿಷಿದ್ಧ, ಇಲ್ಲಿ ಒಣ ಕಸಬರಿಗೆ ನಿಷಿದ್ಧ. ನೆಲ, ಗೋಡೆ, ಮೇಜು ಎಲ್ಲವನ್ನೂ ಫಿನೈಲಿನ ಹಸಿ ಬಟ್ಟೆಯಿಂದಲೇ ಒರೆಸಬೇಕು.

ಹನ್ನೊಂದರ ಹೊತ್ತಿಗೆ ಕುಣಿಕೋಣೂರದ ಬೀರವ್ವನನ್ನು ಚಕ್ಕಡಿಯಲ್ಲಿ ತರುತ್ತಾರೆ. ಬೆಳಗಿನಿಂದ ವಾಂತಿ, ಕಣ್ಣು ಒಳಗೆ ಹೋಗಿವೆ. ಬೆಳಗ್ಗೆ ಮತ್ತೆ ತೊಳೆದು ತುಂಬಿದ ಆ ಆರರಲ್ಲಿ ಒಂದು ಬಾಟಲಿ ಅವಳಿಗೆ ಏರುತ್ತದೆ. ದುಂಡವ್ವ ಕಾಲ ಬಳಿ ನಿಂತು ಅವಳ ಹೆಬ್ಬೆರಳು ಹಿಡಿದುಕೊಳ್ಳುತ್ತಾರೆ. ನಡುಕ ಮೊದಲು ಅಲ್ಲಿಯೇ ಗೊತ್ತಾಗುತ್ತದೆ ಎಂಬುದು ಇವರ ನಂಬಿಕೆ. ಅರ್ಧ ಬಾಟಲಿ ಇಳಿಯುವವರೆಗೆ ಯಾರು ಕರೆದರೂ ಕದಲುವುದಿಲ್ಲ. ಬೀರವ್ವ ಕಣ್ಣು ತೆರೆದು, ಇದ್ಯಾರು ನನ್ನ ಕಾಲು ಹಿಡಿದವರು ಎಂದು ಕೇಳಿದ ಮೇಲೆಯೇ ಬೆರಳು ಬಿಡುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ಕಲ್ಲಿನ ಮೇಲೆ ಹೆಸರನ್ನು ಇವರು ಕೇಳುವುದಿಲ್ಲ.

"ಕೋಣಿ ಕೀಲಿಕೈ ನನ್ನ ಹಂತ್ಯಾಕ ಇರಲ್ರಿ. ಕಂಪೌಂಡರ್ರು ಸಂಜಿಮುಂದ ಒಳಗ ಹೋಗದಂಗ."

ಕೇಳುತ್ತ ನಿಂತಿದ್ದ ಮಲಕಾಜಪ್ಪ ನಕ್ಕು, ಗೊಂಚಲಿನಿಂದ ಒಂದು ಕೀಲಿಕೈ ಬಿಡಿಸಿ ಮುಂದೆ ಚಾಚುತ್ತಾರೆ. ದುಂಡವ್ವ ಕೈ ಒಡ್ಡುವುದಿಲ್ಲ.

"ತೊಳದ ಕೊಡ್ರಿ," ಎನ್ನುತ್ತಾರೆ.