ಮೂವತ್ತು ದಾಟಿದವರಿಗೆ ಜಾಗವಿಲ್ಲ

ಬಂಗಾಳದ ನಮ್ಮ ಕಾಟೋಯಾ ಊರಲ್ಲಿ ಗಣಿತದ ಟ್ಯೂಷನ್ ಮೇಷ್ಟ್ರುಗಳಿಗೆ ಬರವಿಲ್ಲ, ಗಲ್ಲಿಗಿಬ್ಬರು ಸಿಗ್ತಾರೆ. ಸೇರಿಸಿಕೊಳ್ಳೋ ಮುಂಚೆ ಎಲ್ಲರೂ ಒಂದು ಪರೀಕ್ಷೆ ಕೊಟ್ಟು ಜಾಣರನ್ನ ಆರಿಸ್ಕೋತಾರೆ. ನಮ್ಮನೆಯವರೂ ಕೊಡ್ತಾರೆ. ನೂರಕ್ಕೆ ಮೂವತ್ತು ದಾಟಿತೋ, "ನಿನಗೆ ನಾನು ಬೇಕಾಗಿಲ್ಲ, ಹೋಗಿ ಬಾರಪ್ಪ" ಅಂತ ವಾಪಸ್ ಕಳಿಸಿಬಿಡ್ತಾರೆ!

ಮದುವೆಯಾದ ಹೊಸದರಲ್ಲಿ ನಾನು ತಲೆ ಚಚ್ಚಿಕೊಂಡಿದ್ದೆ. "ಊರಲ್ಲಿರೋ ದಡ್ಡರನ್ನೆಲ್ಲ ಗುಡ್ಡೆ ಹಾಕ್ಕೊಂಡ್ರೆ ನಿಮಗೆ ಹೆಸರು ಬರೋದು ಯಾವಾಗ್ರೀ?"

"ದಡ್ಡರಲ್ಲ ಕಣೇ, ಹೆದರಿದೋರು" ಅಂದಿದ್ದರು.

ಅವರಿಗೆ ಗೊತ್ತಿಲ್ಲದೆ ಏನು? ತಾರಾಪದ ಕುಂಡು ಅನ್ನೋ ಈ ಮಹಾನುಭಾವರು ಮಾಧ್ಯಮಿಕ್, ಅಂದ್ರೆ ಹತ್ತನೇ ಕ್ಲಾಸಿನ ಪರೀಕ್ಷೆಯ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೇ ಸಲ ಪಾಸಾದವರು. ಪಕ್ಕದ ಮನೆಯ ಭವತೋಷ್ ಬಾಬು ಹೈಸ್ಕೂಲಲ್ಲಿ ಗಣಿತ ಹೇಳೋರು. ಮೀನಿನ ಚೀಲ ಹಿಡ್ಕೊಂಡು ಹೋಗ್ತಾ ದಿನಾ ನಮ್ಮ ಗೇಟಿನ ಹತ್ತಿರ ನಿಲ್ಲೋರು. "ಏನ್ ಫೇಲ್ ಮೇಷ್ಟ್ರೇ, ಇವತ್ತು ಎಷ್ಟು ಸೊನ್ನೆ ಬಂತು?" ಇವರು ನಕ್ಕು ಸುಮ್ಮನಾಗೋರು. ನನಗೆ ಮಾತ್ರ ಮೈಯೆಲ್ಲ ಉರಿಯೋದು.

ಮೌಟುಸಿ ನಮ್ಮ ಜಗಲಿಗೆ ಬಂದಾಗ ಅವಳಿಗೆ ಹದಿನೇಳು. ಆ ಹುಡುಗಿಗೆ ಪೊಲೀಸ್ ಆಗೋ ಹಟ. ಬೆಳಿಗ್ಗೆ ಐದಕ್ಕೆ ಗಂಗೆಯ ದಂಡೆಯಲ್ಲಿ ಓಡಿ, ಆರಕ್ಕೆ ಬೆವರು ಒರೆಸ್ಕೋತಾ ಚಾಪೆ ಮೇಲೆ ಕೂರೋಳು. ಓಟದಲ್ಲಿ ಹುಡುಗರೂ ಅವಳ ಹಿಂದೆಯೇ. ಆದರೆ ಕಾನ್‌ಸ್ಟೇಬಲ್ ಆಗೋಕೆ ಮಾಧ್ಯಮಿಕ್ ಪಾಸಾಗಿರಬೇಕು, ಇವಳು ಗಣಿತದಲ್ಲಿ ಒಮ್ಮೆ ಫೇಲಾಗಿದ್ದಳು. ಅವಳಮ್ಮ ನರ್ಸಿಂಗ್ ಹೋಮಿನಲ್ಲಿ ಆಯಾ. "ಈ ಸಲ ಆಗ್ಲಿಲ್ಲ ಅಂದ್ರೆ ನನ್ ಜೊತೆ ಕೆಲಸಕ್ಕೆ ಬರ್ತಾಳೆ, ಮಾತಾಡಿಟ್ಟಿದೀನಿ" ಅಂತ ನನ್ನೆದುರೇ ಖಂಡತುಂಡವಾಗಿ ಹೇಳಿ ಹೋದಳು.

ಹುಡುಗಿಗೆ ಲೆಕ್ಕ ಬರ್ತಿತ್ತು ಕಣ್ರೀ! ಕೊನೇ ಸಾಲಿನ ತನಕ ಸರಿಯಾಗಿ ಮಾಡೋಳು. ಉತ್ತರ ಭಿನ್ನರಾಶಿಯಲ್ಲಿ ಬಂತೋ, ಗಾಬರಿಬಿದ್ದು ಪೂರ್ತಿ ಲೆಕ್ಕಕ್ಕೇ ಗೀಟು ಎಳೆಯೋಳು.

"ಯಾಕಮ್ಮಾ ಹೊಡೆದುಹಾಕಿದೆ?"

"ಮೂರೂ ಏಳನೇ ಐದು ಬಂತಲ್ಲ ಸಾರ್. ಇಂಥ ಕೊಳಕು ಉತ್ತರ ಸರಿ ಇರುತ್ತಾ?"

ನಮ್ಮನೆಯವರು ಕಟ್ಟಪ್ಪಣೆ ಮಾಡಿದರು. "ಗೀಟು ಎಳೆಯೋ ಹಾಗಿಲ್ಲ. ತಪ್ಪು ಅನ್ಸಿದ್ರೆ ಸುತ್ತ ಚೌಕ ಹಾಕು, ಯಾವ ಸಾಲಲ್ಲಿ ತಪ್ಪು ಅಂತ ಪಕ್ಕದಲ್ಲಿ ಬರಿ. ಬರೆಯೋಕಾಗ್ಲಿಲ್ಲ ಅಂದ್ರೆ ಅದು ತಪ್ಪಲ್ಲ, ನಿನ್ನ ಭಯ."

ಎಂಟು ತಿಂಗಳು ಇದೇ ಪಾಠ. ನಾನು ಮಂಡಕ್ಕಿಗೆ ಸಾಸಿವೆ ಎಣ್ಣೆ ಕಲಸಿ ಕೊಡ್ತಾ ಕೇಳಿ ಕೇಳಿ, ನನಗೇ ಭಿನ್ನರಾಶಿಯ ಹೆದರಿಕೆ ಹೋಯ್ತು.

ಗಣಿತದ ಪರೀಕ್ಷೆಯ ದಿನ ಇವರು ಮೂರು ಗಂಟೆ ಹೊತ್ತು ಶಾಲೆಯ ಗೇಟಿನಾಚೆ ಬಿಸಿಲಲ್ಲೇ ನಿಂತಿದ್ದರು. ಛತ್ರಿ ಹಿಡ್ಕೊಂಡು ನಾನೂ ಹೋದೆ. ಮೌಟುಸಿ ಅಳ್ತಾ ಬಂದಳು.

"ಸಾರ್, ಕೊನೇ ಲೆಕ್ಕ ಹೊಡೆದುಹಾಕಿಬಿಟ್ಟೆ. ಭಿನ್ನರಾಶಿ ಬಂತು, ಕೈ ತಡೀಲಿಲ್ಲ."

ಇವರು ಅಲ್ಲೇ ಪ್ರಶ್ನೆಪತ್ರಿಕೆ ಇಸ್ಕೊಂಡು ಲೆಕ್ಕ ಮಾಡಿದರು. ಅವಳಿಗೆ ಬಂದಿದ್ದ ಉತ್ತರ ಸರಿಯಿತ್ತು! ಬೇರೆ ಎಲ್ಲ ಕೂಡಿಸಿದರೂ ಇಪ್ಪತ್ತೆರಡೇ ಆಗ್ತಿತ್ತು. ಪಾಸಾಗೋಕೆ ಇಪ್ಪತ್ತೈದು ಬೇಕು. ಕೊನೇ ಲೆಕ್ಕಕ್ಕೆ ಐದು ಅಂಕ.

"ಆಮೇಲೆ ಯಾವ ಸಾಲು ತಪ್ಪು ಅಂತ ಹುಡುಕಿದೆ ಸಾರ್, ಸಿಗಲೇ ಇಲ್ಲ. ಮತ್ತೆ ಬರೆಯೋಣ ಅಂದ್ರೆ ಗಂಟೆ ಹೊಡೆದ್ರು. ಅದಕ್ಕೇ ಕೆಳಗೆ ಬರೆದೆ, 'ಈ ಲೆಕ್ಕ ಸರಿ ಇದೆ, ಹೆದರಿ ಹೊಡೆದುಹಾಕಿದೆ, ದಯವಿಟ್ಟು ನೋಡಿ' ಅಂತ."

ಇವರು ಪ್ರಶ್ನೆಪತ್ರಿಕೆ ಮಡಚಿ ಅವಳ ಕೈಗೆ ಕೊಟ್ಟರು. ಆಮೇಲೆ ಅವಳ ತಲೆ ಮೇಲೆ ಕೈಯಿಟ್ಟರು. "ನಾನೂ ಅವತ್ತು ಇಷ್ಟು ಬರೆದಿದ್ರೆ ಆಗ್ತಿತ್ತು" ಅಂದರು. ಇಪ್ಪತ್ತು ವರ್ಷ ಸಂಸಾರ ಮಾಡಿದ ನನಗೂ ಇವರು ಹೇಗೆ ಫೇಲಾದರು ಅನ್ನೋದು ಗೊತ್ತಾಗಿದ್ದು ಆವಾಗಲೇ.

ಯಾರೋ ಪುಣ್ಯಾತ್ಮ ಆ ಉತ್ತರಪತ್ರಿಕೆ ನೋಡಿದವನು. ಅವನ ಹೊಟ್ಟೆ ತಣ್ಣಗಿರಲಿ. ಫಲಿತಾಂಶ ಬಂದಾಗ ಮೌಟುಸಿಗೆ ಇಪ್ಪತ್ತೇಳು!

ನಾನು ಇಡೀ ಬೀದಿಗೆ ಸಂದೇಶ್ ಮಿಠಾಯಿ ಹಂಚಿದೆ. ಭವತೋಷ್ ಬಾಬು ಒಂದನ್ನ ಬೆರಳಲ್ಲಿ ಎತ್ತಿ ಹಿಡಿದು, "ಇಪ್ಪತ್ತೇಳಕ್ಕೆ ಸಿಹಿ ಹಂಚ್ತಾರೇನಮ್ಮಾ? ನಮ್ಮ ಹುಡುಗರು ತೊಂಬತ್ತರ ಮೇಲೆ ಹನ್ನೊಂದು ಜನ" ಅಂದರು.

ನಾನು ಸೆರಗು ಸಿಕ್ಕಿಸಿ ಬಾಯಿ ತೆಗೆಯೋಷ್ಟರಲ್ಲಿ ನಮ್ಮನೆಯವರೇ ಜಗಲಿಯಿಂದ ಇಳಿದು ಬಂದರು.

"ಬಾಬು, ಆ ಹನ್ನೊಂದು ಜನ ನೀವಿಲ್ಲದಿದ್ರೂ ತೊಂಬತ್ತು ತಗೋತಿದ್ರು. ಈ ಇಪ್ಪತ್ತೇಳು ಮಾತ್ರ ನಾನಿಲ್ಲದಿದ್ರೆ ಬರ್ತಿರಲಿಲ್ಲ. ಸಿಹಿ ತಿನ್ನಿ."

ಭವತೋಷ್ ಬಾಬು ತಿಂದರು.