ಒಸಿ ಎಂಬ ಜಪಾನಿ ಮಾತು

ಕಾರ್ಟೂನು ಬೊಂಬೆ ಸಿನಿಮಾ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಯಾರೋ ಯಾರನ್ನೋ ಅಟ್ಟಿಸಿಕೊಂಡು ಹೋಗುವುದು, ಬಂಡೆಯಿಂದ ಬಿದ್ದವರು ಅಪ್ಪಚ್ಚಿಯಾಗಿ ಮತ್ತೆ ಎದ್ದು ಓಡುವುದು, ಇಷ್ಟೇ ಇರುತ್ತದೆ ಅಂದುಕೊಂಡಿದ್ದೆ. ಏಳನೇ ಕ್ಲಾಸಿನ ಮಗಳು ಜಪಾನಿನ ಸಿನಿಮಾ ಹಾಕಿಕೊಂಡು ಟಿವಿ ಮುಂದೆ ಕೂತರೆ ಅಡುಗೆಮನೆಯಿಂದಲೇ ಗೊಣಗುತ್ತಿದ್ದೆ. ಅದೂ ಅವಳಿಗೆ ಜಪಾನಿ ಭಾಷೆಯಲ್ಲೇ ಆಗಬೇಕು. ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿಕೊಂಡು ನೋಡುತ್ತಾಳೆ. ಬೇರೆ ಭಾಷೆಯಲ್ಲಿ ಮಾತಾಡಿಸಿದರೆ ಅವರೆಲ್ಲ ಸುಳ್ಳು ಹೇಳಿದ ಹಾಗೆ ಕೇಳುತ್ತದಂತೆ.

ಒಂದು ಭಾನುವಾರ ಅವರೆಕಾಯಿ ಸುಲಿಯುತ್ತಾ ಅವಳ ಪಕ್ಕ ಕೂತೆ. ಪರದೆಯ ಮೇಲೆ ಒಬ್ಬ ಹುಡುಗಿ ಪಾತ್ರೆ ತೊಳೆಯುತ್ತಿದ್ದಳು. ತಳ ಉಜ್ಜಿದಳು, ನೀರು ಚೆಲ್ಲಿದಳು, ಬೋರಲು ಹಾಕಿದಳು, ಕೈ ಒರೆಸಿಕೊಂಡು ಕಿಟಕಿಯಾಚೆ ನೋಡಿದಳು. ಆಚೆ ಗಾಳಿಗೆ ಹುಲ್ಲು ಓಲಾಡುತ್ತಿತ್ತು. ನಮ್ಮ ಧಾರಾವಾಹಿಗಳಲ್ಲೂ ಕತೆ ಮುಂದಕ್ಕೆ ಹೋಗುವುದಿಲ್ಲ, ಆದರೆ ಅಲ್ಲಿ ಸೊಸೆ ಕಣ್ಣು ಬಿಟ್ಟರೂ ಸಿಡಿಲು ಹೊಡೆಸುತ್ತಾರೆ. ಇದನ್ನು ಮಾತ್ರ ಪಾತ್ರೆ ತೊಳೆದು ಗೊತ್ತಿದ್ದವರೇ ಕೂತು ಚಿತ್ರಿಸಿದಂತಿತ್ತು. ಕೆಟ್ಟವನು ಅಂದುಕೊಂಡಿದ್ದವನೂ ಕೊನೆಗೆ ನೋಡಿದರೆ ಒಂಟಿಯಾಗಿದ್ದು ಒಂಟಿಯಾಗಿದ್ದು ಸಿಡುಕನಾದವನು. ಮಕ್ಕಳಿಗೆಂದು ಮಾಡಿದ್ದಂತೆ. ಸಿನಿಮಾ ಮುಗಿದಾಗ ನನ್ನ ಮೊರದಲ್ಲಿ ಅವರೆಕಾಯಿ ಹಾಗೇ ಉಳಿದಿತ್ತು.

ಅದೇ ವರ್ಷ ಅಪ್ಪ ತೀರಿಕೊಂಡರು. ಸ್ವಲ್ಪ ದಿನ ಬಿಟ್ಟು ಅವ್ವನನ್ನು ದೊಡ್ಡಆಲಹಳ್ಳಿಯಿಂದ ರಾಮನಗರಕ್ಕೆ, ನಮ್ಮ ಮನೆಗೆ ಕರೆತಂದೆ. ಊರಿನಲ್ಲಿ ತಮ್ಮನೂ ಅವನ ಹೆಂಡತಿಯೂ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೆ ಅವ್ವನಿಗೆ ಊಟ ಸೇರುತ್ತಿರಲಿಲ್ಲ. ಪೂರ್ತಿ ಬಿಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು. ಕರೆದ ತಕ್ಷಣ ಬಂದು ಕೂರುತ್ತಿದ್ದಳು, ನಿಂಬೆಹಣ್ಣಿನಷ್ಟು ಮುದ್ದೆ ನುಂಗಿ ‘ಸಾಕು’ ಅನ್ನುತ್ತಿದ್ದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಕಾಯಿಲೆ ಏನೂ ಇಲ್ಲ, ಹೀಗೇ ಉಣ್ಣದಿದ್ದರೆ ಮಾತ್ರ ಕಷ್ಟ ಅಂದಿದ್ದರು.

ಜಾಗ ಬದಲಾದರೆ ಸರಿಹೋಗಬಹುದು ಎಂದು ನನ್ನ ಲೆಕ್ಕ. ನಮ್ಮ ಕಡೆಯ ಹೆಂಗಸರಿಗೆ ಹೆಣ್ಣು ಕೊಟ್ಟ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುವುದಕ್ಕೆ ಸಂಕೋಚ ಅನ್ನುವುದು ನನ್ನ ತಲೆಗೆ ಹೊಳೆದಿರಲಿಲ್ಲ. ನನ್ನ ಗಂಡ ಅಡುಗೆಮನೆ ಬಾಗಿಲಿಗೆ ಬಂದರೆ ಸಾಕು, ಅವ್ವ ಸೆರಗು ಸರಿಮಾಡಿಕೊಂಡು ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದಳು. ಅವರು ಪಾಪ, ಅತ್ತೆ ಉಣ್ಣಲಿ ಎಂದು ಹೊರಗೇ ಅಡ್ಡಾಡುತ್ತಿದ್ದರು. ಅವ್ವನ ರವಿಕೆಯ ತೋಳು ದಿನೇ ದಿನೇ ಜೋಲತೊಡಗಿತು. ಅಪ್ಪನ ಹಿಂದೆಯೇ ಇವಳೂ ಹೊರಟುಬಿಡುತ್ತಾಳೆ ಎಂದು ನನಗೆ ಭಯ. ಭಯವಾದಾಗಲೆಲ್ಲ ರೇಗುವುದು ನನ್ನ ಸ್ವಭಾವ. ನಾನು ರೇಗಿದಷ್ಟೂ ಅವ್ವ ಇನ್ನೊಂದು ತುತ್ತು ಕಡಿಮೆ ಮಾಡುತ್ತಿದ್ದಳು.

ಮಗಳಿಗೆ ಅಜ್ಜಿ ಸುಮ್ಮನೆ ಗೋಡೆಗೊರಗಿ ಕೂರುವುದು ಇಷ್ಟವಾಗಲಿಲ್ಲ. ಒಂದು ಮಧ್ಯಾಹ್ನ ಕೈ ಹಿಡಿದು ಎಳೆದುಕೊಂಡು ಬಂದು ಟಿವಿ ಮುಂದೆ ಕೂರಿಸಿದಳು. ಅಂದಿನ ಸಿನಿಮಾದಲ್ಲಿ ರೈಲು ತಪ್ಪಿಸಿಕೊಂಡ ಒಬ್ಬ ಪುಟ್ಟ ಹುಡುಗಿ ಯಾವುದೋ ಬೆಟ್ಟದೂರಿನ ಸ್ಟೇಷನ್ನಿನಲ್ಲಿ ಉಳಿದುಬಿಡುತ್ತಾಳೆ. ಅಲ್ಲಿನ ಒಬ್ಬ ಮುದುಕಿ ಅವಳನ್ನು ಮನೆಗೆ ಕರೆದುಕೊಂಡು ಹೋಗಿ, ಬಿಸಿ ಅನ್ನವನ್ನು ಅಂಗೈಯಲ್ಲಿ ತಟ್ಟಿ ತಟ್ಟಿ ಉಂಡೆ ಮಾಡಿ ಕೊಡುತ್ತಾಳೆ. ಹಬೆ ಏಳುವುದನ್ನೂ ಬೆರಳಿಗೆ ಅನ್ನ ಅಂಟುವುದನ್ನೂ ಬಿಡದೆ ಬರೆದಿದ್ದಾರೆ. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಅವ್ವ, ಅನ್ನದಲ್ಲೂ ಮುದ್ದೆ ಕಟ್ಟುತ್ತಾರಲ್ಲ ಎಂದು ಮುಂದಕ್ಕೆ ಬಾಗಿದಳು. ಹುಡುಗಿ ಒಂದು ತುತ್ತು ಕಚ್ಚಿ, ಕಣ್ಣು ಅರಳಿಸಿ, ‘ಓಯ್‌ಶೀ’ ಅಂದಳು.

"ಒಸಿ ಅಂತೈತೆ ಮಗ," ಅಂದಳು ಅವ್ವ. "ಪಾಪ, ಹಸ್ದದೆ. ಇನ್ನೊಸಿ ಕೊಡಬಾರ್ದಾ ಆಯಮ್ಮ?"

ಮಗಳು ನಗುವುದಕ್ಕೆ ಬಾಯಿ ತೆರೆದಳು. ನಾನು ಕಣ್ಣಲ್ಲೇ ಗದರಿದೆ. ಅಷ್ಟರಲ್ಲಿ ಪರದೆಯ ಮುದುಕಿ ನಿಜಕ್ಕೂ ಇನ್ನೊಂದು ಉಂಡೆ ಕೊಟ್ಟೇಬಿಟ್ಟಳು. ಅವ್ವ ಸಮಾಧಾನದಿಂದ ಹಿಂದಕ್ಕೊರಗಿದಳು.

‘ಒಸಿ’ ಎಂಬುದು ನಮ್ಮ ಮನೆಯಲ್ಲಿ ಕೇಳಿಸದೆ ಎಷ್ಟೋ ಕಾಲವಾಗಿತ್ತು. ನಾನು ಕೈಲಾಂಚದ ಕಡೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುವವಳು. ಮಕ್ಕಳು ಒಸಿ ಎಂದರೆ ಸ್ವಲ್ಪ ಅನ್ನಿ ಎಂದು ತಿದ್ದುವುದೇ ನನ್ನ ಕಸುಬು. ಆದರೆ ಅಪ್ಪನ ಊಟ ಆ ಮಾತಿಲ್ಲದೆ ಮುಗಿದದ್ದನ್ನು ನಾನು ಕಂಡಿಲ್ಲ. ಬಸ್ಸಾರೋ ಉಪ್ಪುಸಾರೋ, ತಟ್ಟೆಯಿಂದ ತಲೆ ಎತ್ತದೆ ‘ಒಸಿ ಹಾಕು’ ಅನ್ನುತ್ತಿದ್ದರು. ಸೌಟು ಹಿಡಿದುಕೊಂಡೇ ಕೂತಿರುತ್ತಿದ್ದ ಅವ್ವ ಹಾಕುತ್ತಿದ್ದಳು. ಅವರು ಎದ್ದ ಮೇಲೆ ಅದೇ ತಟ್ಟೆಯಲ್ಲಿ ತಾನು ಉಣ್ಣುತ್ತಿದ್ದಳು. ಆ ಹುಡುಗಿಯ ಬಾಯಲ್ಲಿ ಅವ್ವ ಕೇಳಿಸಿಕೊಂಡದ್ದು ಯಾರ ದನಿ ಎಂದು ನನಗೆ ಆಗ ತಿಳಿಯಿತು.

ಆಮೇಲೆ ಅವ್ವ ತಾನಾಗಿಯೇ ಟಿವಿ ಮುಂದೆ ಬಂದು ಕೂರತೊಡಗಿದಳು. ಆ ಸಿನಿಮಾಗಳಲ್ಲಿ ಯಾರಾದರೂ ಉಣ್ಣದೆ ಇರುವುದಿಲ್ಲ, ಉಂಡವರು ಆ ಮಾತು ಆಡದೆ ಇರುವುದಿಲ್ಲ. ನಮ್ಮ ಮಾತು ಅಷ್ಟು ದೂರ ಹೋಗಿ ಸೇರಿದೆಯಲ್ಲ ಎಂದು ಅವ್ವನಿಗೆ ಹೆಮ್ಮೆ. ಮಾತಿಲ್ಲದೆ ಮೋಡ ಹೋಗುವುದನ್ನೇ ತೋರಿಸುವಾಗಲೂ ಅವಳು ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ನನಗಿಂತ ಚೆನ್ನಾಗಿ ನೋಡುತ್ತಿದ್ದಳು. ತಟ್ಟೆಯ ಮುಂದೆ ಮಾತ್ರ ಅದೇ ‘ಸಾಕು’.

ಆ ಮಾತಿನ ನಿಜವಾದ ಅರ್ಥ ಅಜ್ಜಿಗೆ ಹೇಳಬೇಡ ಎಂದು ಮಗಳಿಗೆ ತಾಕೀತು ಮಾಡಿದ್ದೆ. ಆದರೆ ತಪ್ಪು ಕಂಡರೆ ತಿದ್ದುವ ಚಾಳಿ ಅವಳಿಗೆ ಬಂದಿರುವುದು ನನ್ನಿಂದಲೇ. ಒಂದು ರಜಾದಿನ ಹುರುಳಿಕಾಳಿನ ಬಸ್ಸಾರು ಮಾಡಿದ್ದೆ. ಅವ್ವ ಎರಡು ತುತ್ತು ನುಂಗಿ ಕೈ ನಿಲ್ಲಿಸಿದ್ದಳು. ಮಗಳು ಬೆರಳು ನೆಕ್ಕುತ್ತಾ ಜಪಾನಿನವರ ಹಾಗೆಯೇ ರಾಗ ಎಳೆದು ‘ಓಯ್‌ಶೀ’ ಅಂದಳು. ಅವಳಿಗೆ ಒಸಿ ಸಾರು ಹಾಕು ಎಂದು ಅವ್ವ ನನಗೆ ಹೇಳಿದಳು. ಮಗಳಿಗೆ ತಡೆಯಲಾಗಲಿಲ್ಲ.

"ಅಜ್ಜಿ, ಅದು ಒಸಿ ಅಲ್ಲ. ಅವರ ಭಾಷೇಲಿ ರುಚಿಯಾಗಿದೆ ಅಂತ ಅರ್ಥ."

ನನಗೆ ಮೈಯೆಲ್ಲ ಉರಿಯಿತು. ಮುದುಕಿಗೆ ಇದ್ದ ಒಂದು ಖುಷಿಯನ್ನೂ ಕಿತ್ತುಕೊಂಡೆಯಲ್ಲ ಎಂದು ಬೈಯಲು ಹೊರಟವಳು ಅವ್ವನ ಕಡೆ ತಿರುಗಿದೆ. ಅವಳು ತಟ್ಟೆಯ ಸಾರಿನಲ್ಲಿ ಬೆರಳಾಡಿಸುತ್ತಿದ್ದಳು.

"ಎಲ್ಡೂ ಒಂದೇ ಕಣವ್ವ," ಅಂದಳು ಅವ್ವ. "ರುಚಿಯಾಗಿದ್ರೆ ತಾನೆ ಒಸಿ ಕೇಳೋದು? ನಿಮ್ಮ ತಾತ ಒಂದ್ ದಿನಾನೂ ಚೆಂದಾಗೈತೆ ಅಂತ ಬಾಯ್ಬುಟ್ಟು ಅನ್ನಿಲ್ಲ ಅಂತ ನಂಗೆ ಕೊರಗಿತ್ತು. ದಿನಾ ಅಂತಾನೇ ಇದ್ರು. ನಂಗೇ ತಿಳೀನಿಲ್ಲ."

ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸೌಟು ನನ್ನ ಕೈಯಲ್ಲಿತ್ತು. ಅವ್ವ ತಟ್ಟೆಯನ್ನು ನನ್ನ ಕಡೆ ತಳ್ಳಿದಳು.

"ಒಸಿ ಹಾಕು."

ನಾನು ಸಾರು ಬಿಡುತ್ತಿರುವಾಗಲೇ ನನ್ನ ಗಂಡ ಕೈ ತೊಳೆದುಕೊಂಡು ಬಂದು ಬಾಗಿಲಲ್ಲಿ ನಿಂತರು. ಅವ್ವ ಅವರನ್ನು ನೋಡಿದಳು. ಸೆರಗು ಸರಿಮಾಡಿಕೊಂಡಳು. ಆದರೆ ಏಳಲಿಲ್ಲ, ಮುದ್ದೆ ಮುರಿದು ಸಾರಿಗೆ ಅದ್ದಿದಳು.